ಸ್ವಾತಂತ್ರ್ಯಕ್ಕ ಎಂಬತ್ತು ಹತ್ರ ಬಂತು: ಶಾಲಿ ಕಂಬಕ್ಕ ಖಾದಿ ಬಾವುಟನೋ, ಪಾಲಿಸ್ಟರೋ?

ವರದಾ_ದಂಡಿ:
ಎಲ್ಲಾರಿಗೂ ನಮಸ್ಕಾರ ರೀ. ಹಾವೇರಿ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲಿ ಎಸ್‌ಡಿಎಂಸಿ (ಶಾಲಿ ನೋಡಿಕೊಳ್ಳೋ ಕಮಿಟಿ) ಪರವಾಗಿ ಕೇಳಾಕತ್ತೀನಿ. ಆಗಸ್ಟ್ 15ಕ್ಕ ಹೊಸ ಬಾವುಟ ತರಬೇಕು. ಕಂಬ 20 ಫೂಟು, ಜಿಐ ಪೈಪಿಂದು, ತುದಿಗೆ ಒಂದು ಗಡಗಡಿ ಐತಿ. ಕಮಿಟಿಯೊಳಗ ಎರಡು ಮಾತು. ಪಾಲಿಸ್ಟರ್ ಸಾಕು, ಮಳಿಗೆ ತಡೀತೈತಿ, ರೊಕ್ಕಾನೂ ಕಡಿಮಿ ಅನ್ನೋರು ಕೆಲವರು. ಬಾವುಟ ಅಂದಮ್ಯಾಲೆ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಾಗ ತಯಾರಾದ ಖಾದಿದೇ ಬೇಕು ಅನ್ನೋರು ಕೆಲವರು. ಕಾನೂನು ಏನು ಹೇಳ್ತೈತಿ, 20 ಫೂಟಿನ ಕಂಬಕ್ಕ ಯಾವ ಅಳತಿ, ತಂದಮ್ಯಾಲೆ ಹೆಂಗ ನೋಡಿ ತಗೋಬೇಕು, ಗೊತ್ತಿದ್ದವರು ಬಿಡಿಸಿ ಹೇಳ್ರಿ. ಇನ್ನೊಂದು: ಬ್ಯಾನರಿನ ಮ್ಯಾಲೆ ಎಷ್ಟನೇ ಸ್ವಾತಂತ್ರ್ಯೋತ್ಸವ ಅಂತ ಬರೀಬೇಕು? ಒಂದು ಅಂಕಿ ಸಲುವಾಗಿ ಪ್ರತಿ ವರ್ಷ ವಾದ ಆಗ್ತೈತಿ.

ಸಾಧನಕೇರಿ_ಓದುಗ:
ಮೊದಲು ಅಂಕಿ ಮುಗಿಸೋಣ. ಎಷ್ಟನೇ ಸ್ವಾತಂತ್ರ್ಯ ದಿನ ಅನ್ನೋದಕ್ಕ ಇಸವಿಯಿಂದ 1946 ಕಳೀರಿ. 1947ರದು ಮೊದಲನೇದು, 2022ರದು 76ನೇದು, 2026ರದು 80ನೇದು. ಎಷ್ಟು ವರ್ಷ ತುಂಬಿದವು ಅನ್ನೋದಕ್ಕ 1947 ಕಳೀರಿ. 2022ರಾಗ 75 ವರ್ಷ ತುಂಬಿ ಅಮೃತ ಮಹೋತ್ಸವ ಆಯ್ತು, ಆದರ ಅವತ್ತಿನ ದಿನಾಚರಣೆ 76ನೇದು. ಗೊಂದಲ ಹುಟ್ಟಿದ್ದು ಅಲ್ಲೇ. ಗಣರಾಜ್ಯೋತ್ಸವಕ್ಕ 1949 ಕಳೀರಿ.

ಇನ್ನು ಕಾನೂನು. ಈಗ ನಡೆಯೋದು ಭಾರತದ ಧ್ವಜ ಸಂಹಿತೆ, 2002. ಜೊತಿಗೆ ರಾಷ್ಟ್ರ ಗೌರವಕ್ಕ ಧಕ್ಕೆ ತರೋದನ್ನ ತಡೆಯೋ 1971ರ ಕಾಯಿದೆ. 2002ಕ್ಕಿಂತ ಮುಂಚೆ ಸಾಮಾನ್ಯ ಜನ ಬೇಕಾದಾಗ ಮನಿ ಮ್ಯಾಲೆ ಬಾವುಟ ಹಾರಿಸೋ ಹಂಗ ಇರಲಿಲ್ಲ, ಕೆಲವು ರಾಷ್ಟ್ರೀಯ ದಿನಗಳಿಗೆ ಅಷ್ಟೇ ಅವಕಾಶ. 2004ರಾಗ ಸುಪ್ರೀಂ ಕೋರ್ಟು ಗೌರವದಿಂದ ಧ್ವಜ ಹಾರಿಸೋದು ನಾಗರಿಕರ ಹಕ್ಕು ಅಂತ ಹೇಳಿತು.

ಬಟ್ಟಿ ವಿಷಯದಾಗ 2021ರ ಡಿಸೆಂಬರ್ 30ರ ತಿದ್ದುಪಡಿ ಮುಖ್ಯ. ಅಲ್ಲೀತನಕ ಕೈಯಿಂದ ನೂತು ಕೈಯಿಂದ ನೇಯ್ದ ಹತ್ತಿ, ಉಣ್ಣಿ, ರೇಷ್ಮಿ ಖಾದಿ ಮಾತ್ರ. ಆಮ್ಯಾಲೆ ಯಂತ್ರದಾಗ ಮಾಡಿದ್ದೂ ಪಾಲಿಸ್ಟರೂ ನಡೀತದ ಅಂತ ಆಯ್ತು. 2022ರ ಜುಲೈದಾಗ ಇನ್ನೊಂದು ತಿದ್ದುಪಡಿ ಬಂತು: ಬಯಲಿನಾಗ ಅಥವಾ ಮನಿ ಮ್ಯಾಲೆ ಹಾರಿಸಿದ್ದನ್ನ ಹಗಲೂ ರಾತ್ರಿ ಇಡಬಹುದು. ಅದಕ್ಕಿಂತ ಮೊದಲು ಸೂರ್ಯೋದಯದಿಂದ ಸೂರ್ಯಾಸ್ತದ ತನಕ ಅಂತಿತ್ತು. ಹಿಂಗಾಗಿ ನಿಮ್ಮ ಕಮಿಟಿಯ ಎರಡೂ ಕಡೆಯವರು ಕಾನೂನಿನ ಒಳಗೇ ಇದ್ದಾರ. ನಡೆಯದೇ ಇರೋದು ಪ್ಲಾಸ್ಟಿಕ್ಕಿನದು. ಬಾವುಟದ ಮ್ಯಾಲೆ ಅಕ್ಷರ ಬರೆಯೋದೂ ನಡೆಯಂಗಿಲ್ಲ. ಶಾಲಿ ಹೆಸರು, ದಾನಿಗಳ ಹೆಸರು ಹಗ್ಗ ಹಾಯಿಸೋ ಪಟ್ಟಿಯ ಮ್ಯಾಲೂ ಬ್ಯಾಡ.

ಬೆಂಗೇರಿ_ಕಟ್ಟಿ:
ಅಳತಿ ನಾ ಹೇಳ್ತೀನಿ. ಬಾವುಟ ಎಷ್ಟು ದೊಡ್ಡದಿದ್ರೂ ಉದ್ದ ಮತ್ತ ಅಗಲ 3ಕ್ಕ 2ರ ಲೆಕ್ಕದಾಗ ಇರಬೇಕು. ಪ್ರಮಾಣಿತ ಅಳತಿ ಒಂಬತ್ತು. ಮಿಲಿಮೀಟರ್ ಲೆಕ್ಕದಾಗ 6300×4200, 3600×2400, 2700×1800, 1800×1200, 1350×900, 900×600, 450×300, 225×150, 150×100. ಕಡೀ ಮೂರರ ಕೆಲಸ ಗೊತ್ತು ಮಾಡಿದ್ದಾರ: 450×300 ಅತಿಗಣ್ಯರ ವಿಮಾನಕ್ಕ, 225×150 ಕಾರಿಗೆ, 150×100 ಮೇಜಿನ ಮ್ಯಾಲೆ. ಕಾರಿನದು ಸಂಹಿತೆಯೊಳಗ ಹೆಸರಿಸಿದ ಹುದ್ದೆಯವರಿಗೆ ಮಾತ್ರ.

ಕಂಬಕ್ಕ ಎಷ್ಟು ಅಂತ ಸಂಹಿತೆ ಹೇಳಂಗಿಲ್ಲ. ರೂಢಿ ಏನಂದ್ರ ಬಾವುಟದ ಉದ್ದ ಕಂಬದ ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವ ಇರಬೇಕು. 20 ಫೂಟಿಗೆ 1800×1200, ಅಂದ್ರ ಹೆಚ್ಚು ಕಡಿಮಿ 6×4 ಫೂಟು, ಸರಿಯಾಗಿ ಕೂಡ್ತದ. 15 ಫೂಟಿನ ಕಂಬಕ್ಕ 1350×900. 10 ಫೂಟಿನದಕ್ಕ 900×600. ನಿಮ್ಮ ಪೈಪು ತೆಳ್ಳಂದಿದ್ರ, ಬುಡದಾಗ ಕಾಂಕ್ರೀಟು ಅಲುಗಾಡ್ತಿದ್ರ ಒಂದಳತಿ ಕಡಿಮಿ ತಗೋರಿ. ಆಗಸ್ಟಿನ ಪಶ್ಚಿಮದ ಗಾಳಿ ಹಾವೇರಿ ಕಡೆ ಜೋರು, 6×4ರ ತೋಯ್ದ ಬಟ್ಟಿ ಪೈಪು ಬಗ್ಗಿಸೋ ಶಕ್ತಿ ಇಟ್ಟಿರ್ತದ.

ಕೊಳ್ಳೋವಾಗ ಟೇಪು ಹಿಡಕೊಂಡು ಹೋಗ್ರಿ. ಮೂರೂ ಪಟ್ಟಿ ಒಂದೇ ಅಗಲ ಇರಬೇಕು, 1800×1200ರಾಗ ತಲಾ 400 ಮಿಮೀ. ಚಕ್ರದ ಅಡ್ಡಳತಿ 370 ಮಿಮೀ. ಅಂದ್ರ ಬಿಳಿ ಪಟ್ಟಿಯೊಳಗ ಚಕ್ರದ ಮ್ಯಾಲೆ 15, ಕೆಳಗ 15 ಮಿಮೀ ಜಾಗ ಉಳೀತದ, ಬೆರಳಿನ ಅಗಲಕ್ಕಿಂತ ಕಡಿಮಿ. ಪೇಟ್ಯಾಗ ಸಿಗೋ ಬಹಳಷ್ಟು ಬಾವುಟದೊಳಗ ಚಕ್ರ ಬಿಳಿ ಪಟ್ಟಿಯ ಅರ್ಧಕ್ಕ ಸಣ್ಣದಿರ್ತದ, ನೋಡಿದ ಕೂಡಲೇ ತಿಳೀತದ. 1350×900ಕ್ಕ ಚಕ್ರ 280, 900×600ಕ್ಕ 185. ಚಕ್ರದ ಅರಿ, ಅಂದ್ರ ಕಡ್ಡಿ, 24, ಎರಡರ ನಡುವ 15 ಡಿಗ್ರಿ. ಒಂದು ಅರಿ ನೆಟ್ಟಗ ಮ್ಯಾಲಕ್ಕ ನಿಲ್ಲಬೇಕು. ಬಾವುಟ ಬೆಳಕಿಗೆ ಹಿಡೀರಿ. ಎರಡೂ ಬದಿಯ ಚಕ್ರ ಒಂದರ ಮ್ಯಾಲೊಂದು ಕೂತಿರಬೇಕು. ಅಚ್ಚು ಎರಡು ಮಿಲಿಮೀಟರ್ ಜರುಗಿದ್ರೂ ಬೆಳಕಿನಾಗ ಅರಿಗಳು 48 ಇದ್ದಂಗ ಕಾಣ್ತಾವ.

ಕುಣಿಮಗ್ಗ_ಬೆಟಗೇರಿ:
ಬಟ್ಟಿ ಬಗ್ಗೆ ಒಂದು ತಪ್ಪು ಎಲ್ಲಾ ಕಡೆ ಓಡಾಡ್ತದ, ಅದನ್ನ ಇಲ್ಲೇ ತಿದ್ದೋಣ. ಧ್ವಜದ ಖಾದಿ ‘ಒಂದು ಚದರ ಫೂಟಿಗೆ 205 ಗ್ರಾಂ’ ಅಂತ ಬರೀತಾರ. ಲೆಕ್ಕ ಮಾಡಿ ನೋಡ್ರಿ. ಹಂಗಿದ್ರ 1800×1200ರ ಬಾವುಟ, ಅಂದ್ರ 2.16 ಚದರ ಮೀಟರ್, ನಾಲ್ಕೂಮುಕ್ಕಾಲು ಕಿಲೋ ತೂಗಬೇಕಾಗ್ತದ. ಅದು ಜಮಖಾನಿಗಿಂತ ಭಾರ, ಯಾವ ಗಾಳಿಗೂ ಹಾರಂಗಿಲ್ಲ. ಖರೆ ಅಳತಿ ಚದರ ಮೀಟರಿಗೆ 205 ಗ್ರಾಂ. ಆಗ ಬಟ್ಟಿ ಸುಮಾರು 440 ಗ್ರಾಂ ಆಗ್ತದ. ಅತಿ ದೊಡ್ಡದು 6300×4200 ಸುಮಾರು ಐದೂವರೆ ಕಿಲೋ, ಮ್ಯಾಲೆ ಪಟ್ಟಿ ಮತ್ತ ಹಗ್ಗದ ತೂಕ ಬ್ಯಾರೆ.

ಒಂದು ಬಾವುಟದಾಗ ಎರಡು ನಮೂನಿ ಬಟ್ಟಿ ಇರ್ತದ. ಹಾರೋ ಭಾಗಕ್ಕ ಬಂಟಿಂಗ್ ಅನ್ನೋ ಹಗುರ ಖಾದಿ. ಕಂಬದ ಕಡೆ ಹಗ್ಗ ಹಾಯಿಸೋ ಪಟ್ಟಿಗೆ ಡಕ್ ಅನ್ನೋ ದಪ್ಪ ಖಾದಿ, ಬಣ್ಣ ಹಾಕದ ಕೋರಾ ಬಟ್ಟಿ. ಎಳೆತ ಎಲ್ಲಾ ಆ ಪಟ್ಟಿ ಮ್ಯಾಲೆ ಬೀಳೋದರಿಂದ ಅದು ದಪ್ಪ ಇರ್ತದ. ಅಂಗಡಿಯೊಳಗ ಆ ಪಟ್ಟಿ ಹಾರೋ ಭಾಗದ ಬಟ್ಟಿದೇ ಇದ್ರ ಬ್ಯಾಡ ಅನ್ರಿ, ಮೊದಲು ಹರಿಯೋದು ಅಲ್ಲೇ.

ಕೆಲಸದ ಸಾಲು ಹಿಂಗದ: ನೂಲೋದು, ನೇಯೋದು, ಬಿಳುಪು ಮಾಡಿ ಬಣ್ಣ ಹಾಕೋದು, ಚಕ್ರ ಅಚ್ಚು ಹಾಕೋದು, ಹೊಲಿಯೋದು, ಕಡೀಕ ಹಗ್ಗ ಹಾಯಿಸಿ ಕಟ್ಟಿಗಿ ಗೂಟ ಕೂಡಿಸೋದು, ಇದಕ್ಕ ಟಾಗಲಿಂಗ್ ಅಂತಾರ. ಕಷ್ಟ ಇರೋದು ಮೊದಲನೇ ಮೆಟ್ಟಿಲಿನಾಗ. ಹಂಜಿಯಿಂದ ನೂಲು ತೆಗೆಯೋವಾಗ ಹುರಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮಿ ಬಿದ್ರ ಮಗ್ಗದ ಮ್ಯಾಲೆ ಅಷ್ಟು ಗೊತ್ತಾಗಂಗಿಲ್ಲ, ಬಣ್ಣದ ತೊಟ್ಟಿಯೊಳಗ ಬಯಲಾಗ್ತದ. ಹುರಿ ಬಿಗಿ ಇದ್ದಲ್ಲಿ ಬಣ್ಣ ಕಡಿಮಿ ಹಿಡೀತದ, ಸಡಿಲ ಇದ್ದಲ್ಲಿ ಹೆಚ್ಚು. ಕೇಸರಿ ಪಟ್ಟಿ ಮ್ಯಾಲೆ ಗೆರಿ ಗೆರಿ ಕಾಣ್ತದ. ಹಸಿರಿನಾಗ ಅಷ್ಟು ಕಾಣಂಗಿಲ್ಲ, ಕೇಸರಿ ಮಾತ್ರ ಏನೂ ಮುಚ್ಚಿಡಂಗಿಲ್ಲ. ಮಗ್ಗಕ್ಕ ಏರಿಸೋ ಮೊದಲು ಉದ್ದ ಎಳಿಗಳಿಗೆ ಹಚ್ಚಿದ ಗಂಜಿ ಪೂರ್ತಿ ತೊಳೆದು ಹೋಗದಿದ್ರೂ ಇದೇ ಗತಿ. ಮ್ಯಾಲೆ, ಒಂದು ತೊಟ್ಟಿಯ ಬಣ್ಣ ಇನ್ನೊಂದು ತೊಟ್ಟಿಗೆ ಹೊಂದಂಗಿಲ್ಲ, ಅದಕ್ಕ ಒಂದು ಬಾವುಟದ ಒಂದೊಂದು ಬಣ್ಣದ ಪಟ್ಟಿ ಪೂರ್ತಿ ಒಂದೇ ಥಾನಿನಿಂದ ಕತ್ತರಿಸಬೇಕು.

ಹಿಂಗ ಹೆಜ್ಜಿ ಹೆಜ್ಜಿಗೂ ಪರೀಕ್ಷೆ ಇರೋದರಿಂದ ಖಾದಿ ಬಾವುಟದ ರೇಟು ಹೆಚ್ಚು. ಬಾವುಟಕ್ಕ ಜಿಎಸ್‌ಟಿ ಇಲ್ಲ, ಅದನ್ನ ಯಾರಾದ್ರೂ ಹಾಕಿದ್ರ ಬಿಲ್ಲಿನಾಗ ತೆಗೆಸ್ರಿ.

ಗೋಕುಲರೋಡ್_77:
ಖಾದಿಯ ಮ್ಯಾಲೆ ಗೌರವ ಇಟ್ಟುಕೊಂಡೇ ಪಾಲಿಸ್ಟರ್ ಕಡೆಯ ಮಾತು ಹೇಳ್ತೀನಿ, ಯಾಕಂದ್ರ ಸಣ್ಣ ಶಾಲಿಗೆ ರೊಕ್ಕ ಸುಮ್ಮನ ಬರಂಗಿಲ್ಲ. ಆಗಸ್ಟ್ 15 ನಮ್ಮ ಕಡೆ ಮಳಿ ದಿನ. ತೋಯ್ದ ಖಾದಿ ತನ್ನಷ್ಟೇ ತೂಕದ ನೀರು ಕುಡೀತದ. 440 ಗ್ರಾಮಿನದು ಒಂದು ಕಿಲೋ ಸಮೀಪ ಬರ್ತದ, ಕಂಬಕ್ಕ ಸುತ್ತಿಕೊಂಡು ಜೋತು ಬೀಳ್ತದ. ಮಕ್ಕಳು ಸಾಲಾಗಿ ನಿಂತು ನೋಡೋದು ಆ ಜೋತು ಬಿದ್ದ ಬಟ್ಟಿನ. ಪಾಲಿಸ್ಟರ್ ನೀರು ಹಿಡಿಯಂಗಿಲ್ಲ, ಸಣ್ಣ ಗಾಳಿಗೂ ಬಿಚ್ಚಿಕೊಳ್ತದ. ಹಗಲೂ ರಾತ್ರಿ ಹಾರಿಸೋ ಎತ್ತರದ ಕಂಬಗಳಿಗೆ ಬ್ಯಾರೆ ದಾರಿನೇ ಇಲ್ಲ. ಮನಿಮನಿಗೆ ಬಾವುಟ ಮುಟ್ಟಬೇಕು ಅಂತ 2022ರ ಆಗಸ್ಟ್ 13ರಿಂದ 15ರ ತನಕ ಅಭಿಯಾನ ಮಾಡಿದಾಗ ಅಷ್ಟು ಬಾವುಟ ಕೈಮಗ್ಗದಿಂದ ಬರೋದು ಸಾಧ್ಯ ಇರಲಿಲ್ಲ. ಮೊದಲನೇ ಸಲ ಸ್ವಂತ ಮನಿ ಮ್ಯಾಲೆ ಬಾವುಟ ಕಂಡ ಜನ ಎಷ್ಟು ಮಂದಿ ಇರಬೇಕು ಯೋಚನಿ ಮಾಡ್ರಿ. ಅದನ್ನ ಸಣ್ಣದು ಅನ್ನೋಕ ಆಗಂಗಿಲ್ಲ.

ಕುಣಿಮಗ್ಗ_ಬೆಟಗೇರಿ:
ಮಳಿ ಮಾತು ಒಪ್ಪಿದೆ. 60 ಅಡಿ, 100 ಅಡಿ ಕಂಬದ ಮಾತೂ ಒಪ್ಪಿದೆ. ಆದರ ಇವರ ಶಾಲಿಯೊಳಗ ವರ್ಷಕ್ಕ ನಾಲ್ಕೈದು ದಿನ, ದಿನಕ್ಕ ಒಂಬತ್ತು ಹತ್ತು ತಾಸು ಹಾರೋದು. ಅಷ್ಟಕ್ಕ ಖಾದಿ ಧಾರಾಳ ತಡೀತದ, ಒಣಗಿಸಿ ಇಟ್ಟರ. ಪಾಲಿಸ್ಟರಿನ ಎರಡು ದೋಷನೂ ಹೇಳಬೇಕಲ್ಲ. ಅಗ್ಗದ್ದರ ಮ್ಯಾಲೆ ಬಣ್ಣ ಬರೇ ಮುದ್ರಣ ಆಗಿರ್ತದ, ಒಂದು ಬದಿ ಕಡು, ಇನ್ನೊಂದು ಬದಿ ತಿಳಿ. ಇನ್ನೊಂದು, ತುದಿ ಹೊಲಿಯದೇ ಬಿಸಿ ಕೊಯ್ತದಿಂದ ಕರಗಿಸಿ ಬಿಟ್ಟಿರ್ತಾರ. ಗಾಳಿಗೆ ಬಡಿದು ಬಡಿದು ಅದು ಎಳಿ ಎಳಿ ಬಿಡ್ತದ. ಪಾಲಿಸ್ಟರೇ ತರೋದಾದ್ರೂ ನಾಲ್ಕೂ ಅಂಚು ಮಡಚಿ ಹೊಲಿದದ್ದು, ಮೂರು ಪಟ್ಟಿ ಬ್ಯಾರೆ ಬ್ಯಾರೆ ಜೋಡಿಸಿದ್ದು ನೋಡಿ ತರ್ರಿ.

ಕಪ್ಪತಗುಡ್ಡ:
ಖಾದಿ ಯಾಕ ಅನ್ನೋದಕ್ಕ ಮಳಿ ಗಾಳಿಯ ಲೆಕ್ಕ ಒಂದೇ ಸಾಲದು. ನಮ್ಮ ಎರಿ ಭೂಮಿಯ ಲೆಕ್ಕಾನೂ ಅದ. ಕಂಪನಿ ಸರ್ಕಾರ 1840ರ ದಶಕದಾಗ ಧಾರವಾಡ ಸೀಮೆಯ ಎರಿ ಹೊಲದಾಗ ಅಮೆರಿಕದ ನ್ಯೂ ಓರ್ಲಿಯನ್ಸ್ ಹತ್ತಿ ಬೀಜ ಬಿತ್ತಿಸಿತು. ಲಂಕಾಷೈರ್ ಗಿರಣಿಗಳಿಗೆ ಉದ್ದ ಎಳಿ ಬೇಕಿತ್ತು, ನಮ್ಮ ಜವಾರಿ ಹತ್ತಿ ಗಿಡ್ಡ ಎಳಿದು. ಲಿವರ್‌ಪೂಲ್ ಪ್ಯಾಟಿಯೊಳಗ ‘ಧಾರವಾಡ-ಅಮೆರಿಕನ್’ ಅಂತ ಒಂದು ಜಾತಿಯ ಹೆಸರೇ ಇತ್ತು. 1861ರಿಂದ 65ರ ತನಕ ಅಮೆರಿಕದಾಗ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ರೇಟು ಏರಿತು, ಚಕ್ಕಡಿ ಸಾಲು ಘಟ್ಟ ಇಳಿದು ಕುಮಟಾ, ಕಾರವಾರಕ್ಕ ಹೋದವು. ಯುದ್ಧ ಮುಗೀತು, ರೇಟು ಬಿತ್ತು. 1880ರ ದಶಕದಾಗ ಹುಬ್ಬಳ್ಳಿ, ಗದಗಕ್ಕ ಬಂದ ರೈಲು ಹತ್ತಿ ಹೊರಗ ಒಯ್ದು ಗಿರಣಿ ನೂಲು, ಗಿರಣಿ ಬಟ್ಟಿ ಒಳಗ ತಂತು.

ಇದರಾಗ ಮೊದಲು ಸತ್ತದ್ದು ಮಗ್ಗ ಅಲ್ಲ, ಚರಕ. ನೇಕಾರರು ಗಿರಣಿ ನೂಲು ಕೊಂಡು ನೇಯ್ದು ಬದುಕಿಕೊಂಡರು, ಗದಗ-ಬೆಟಗೇರಿ ಅದಕ್ಕ ಸಾಕ್ಷಿ. ನೂಲೋ ಹೆಣ್ಣುಮಕ್ಕಳ ಕೈಯಿಂದ ಮಾತ್ರ ಕೆಲಸ ಪೂರಾ ಹೋತು. ಹಿಂಗಾಗಿ ಖಾದಿ ಅಂದ್ರ ಕೈಮಗ್ಗದ ಬಟ್ಟಿ ಅಷ್ಟೇ ಅಲ್ಲ, ಕೈಯಿಂದ ನೂತದ್ದೂ ಆಗಿರಬೇಕು ಅಂತ ಗಾಂಧೀಜಿ ಪಟ್ಟು ಹಿಡಿದದ್ದು. 1947ರ ಜುಲೈ 22ಕ್ಕ ಸಂವಿಧಾನ ಸಭೆ ಈಗಿನ ಧ್ವಜ ಒಪ್ಪಿಕೊಂಡಾಗ ನಡುವಿನ ಚರಕ ಹೋಗಿ ಅಶೋಕ ಚಕ್ರ ಬಂತು. ಅದಕ್ಕ ಗಾಂಧೀಜಿಗೆ ಬ್ಯಾಸರ ಆಗಿತ್ತು. ಆದರ ಬಟ್ಟಿ ಖಾದಿದೇ ಇರಬೇಕು ಅಂತ ಉಳಿದದ್ದರಿಂದ ಚಿತ್ರದಿಂದ ಹೋದ ಚರಕ ನೂಲಿನೊಳಗ ಉಳೀತು. 2021ರ ತಿದ್ದುಪಡಿ ಬೇಕಂದ್ರ ಇರಲಿ, ಬ್ಯಾಡಂದ್ರ ಬಿಡ್ರಿ ಅಂದದ್ದು ಆ ನೂಲಿಗೆ. ನನಗ ಇದು ರೇಟಿನ ವಿಷಯಕ್ಕಿಂತ ದೊಡ್ಡದು ಅನಸ್ತದ.

ಸಾಧನಕೇರಿ_ಓದುಗ:
ಇದಕ್ಕ ಹುಬ್ಬಳ್ಳಿಯ ಇನ್ನೊಂದು ಎಳಿ ಸೇರಿಸ್ತೀನಿ. 1923ರಾಗ ನಾಗಪುರದ ಸಿವಿಲ್ ಲೈನ್ಸಿನೊಳಗ ಕಾಂಗ್ರೆಸ್ ಬಾವುಟ ಹಿಡಿದು ಮೆರವಣಿಗಿ ಹೋಗಬಾರದು ಅಂತ ಸರ್ಕಾರ ತಡೀತು. ಅದರ ವಿರುದ್ಧ ಧ್ವಜ ಸತ್ಯಾಗ್ರಹ ನಡೀತು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ತಮ್ಮ ಸೇವಾ ಮಂಡಲದ ಸ್ವಯಂಸೇವಕರ ಜೊತಿ ಹೋಗಿ ಜೈಲು ಸೇರಿದರು. ಕ್ಷಮಾಪಣೆ ಬರೆದುಕೊಡದೆ ನಿಂತವರು ಅಂತ ಹುಬ್ಬಳ್ಳಿ ತಂಡದ ಹೆಸರು ಆಯ್ತು. ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಅಧಿವೇಶನದಾಗ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಬಾವುಟ ಹೆಂಗ ಏರಿಸಬೇಕು, ಹೆಂಗ ವಂದನೆ ಸಲ್ಲಿಸಬೇಕು ಅನ್ನೋ ಶಿಸ್ತನ್ನ ಊರೂರಿಗೆ ಕಲಿಸಿದವರು ಆ ದಳದವರು. 1924ರ ಬೆಳಗಾವಿ ಅಧಿವೇಶನಕ್ಕ ಗಾಂಧೀಜಿ ಅಧ್ಯಕ್ಷರು, ಅಲ್ಲಿಯ ವ್ಯವಸ್ಥೆಯೊಳಗೂ ಈ ಸ್ವಯಂಸೇವಕರ ದುಡಿಮೆ ಇತ್ತು.

ಹಾವೇರಿಯವರು ಕೇಳಿದ ಪ್ರಶ್ನೆ ಆದ್ದರಿಂದ ಇದನ್ನೂ ಹೇಳಬೇಕು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿ ಯಾತ್ರೆಯೊಳಗ ಗಾಂಧೀಜಿ ಜೊತಿ ನಡೆದ ಕರ್ನಾಟಕದವರು. ಊರಿಗೆ ಬಂದು ಮಾಡಿದ್ದು ಖಾದಿ ಕೆಲಸ. ಪತ್ನಿ ಸಿದ್ದಮ್ಮನವರೂ ಚಳವಳಿಯೊಳಗ ಇದ್ದವರು. 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಕಂದಾಯದ ಹಣದ ಮ್ಯಾಲೆ ದಾಳಿ ಮಾಡೋವಾಗ ಗುಂಡಿಗೆ ಬಿದ್ದರು. ಜೊತಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹುಬ್ಬಳ್ಳಿಯೊಳಗ 1942ರ ಚಲೇಜಾವ್ ಚಳವಳಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಶಾಲಿ ಹುಡುಗ. ಮಕ್ಕಳಿಗೆ ಭಾಷಣ ಮಾಡೋವಾಗ ದೂರದ ಹೆಸರಿನ ಜೊತಿ ಈ ಹೆಸರುಗಳೂ ಬರಲಿ. ಹೊಸರಿತ್ತಿ ನಿಮ್ಮ ವರದಾ ನದಿ ದಂಡಿಮ್ಯಾಲೇ ಅದ.

ಕಪ್ಪತಗುಡ್ಡ:
ಗದಗ ಜಿಲ್ಲಾದವರು ಇನ್ನೊಂದು ತಾರೀಖು ಮರೀಬಾರದು. 1947ರ ಆಗಸ್ಟ್ 15ಕ್ಕ ಮುಂಬೈ ಪ್ರಾಂತದೊಳಗಿದ್ದ ಗದಗಕ್ಕ ಸ್ವಾತಂತ್ರ್ಯ ಬಂತು. ಪಕ್ಕದ ಕೊಪ್ಪಳ ನಿಜಾಮನ ಕೈಯೊಳಗ ಇತ್ತು. ಅಲ್ಲಿಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕ, 13 ತಿಂಗಳು ತಡವಾಗಿ. ಆ 13 ತಿಂಗಳು ಮುಂಡರಗಿ, ಗಜೇಂದ್ರಗಡ ಶಿಬಿರಗಳಿಂದ ಗಡಿ ದಾಟಿ ಹೋರಾಟ ನಡೀತು. ಗಡಿಯ ಈ ಕಡೆ ಹಾರಿಸಿದ್ರ ಹಬ್ಬ, ಆ ಕಡೆ ಹಾರಿಸಿದ್ರ ಅಪರಾಧ, ಬಾವುಟ ಮಾತ್ರ ಒಂದೇ.

ಬೆಂಗೇರಿ_ಕಟ್ಟಿ:
ಬೆಂಗೇರಿ ಬಗ್ಗೆ ಎರಡು ಮಾತು, ಹೊಸಬರಿಗೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ಕ್ಕ. ಧ್ವಜ ತಯಾರಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪರವಾನಗಿ ಬಂದದ್ದು 2006ರಾಗ. ಅದಕ್ಕೂ ಎಷ್ಟೋ ದಶಕ ಮುಂಚೆಯಿಂದ ಧಾರವಾಡ ತಾಲೂಕಿನ ಗರಗದ ಮಗ್ಗಗಳು ಧ್ವಜದ ಬಟ್ಟಿ ನೇಯ್ಕೋತ ಬಂದಾವ. ಬಾಗಲಕೋಟೆ ಕಡೆಯ ತುಳಸಿಗೇರಿಯೊಳಗೂ ಈ ಬಟ್ಟಿಯ ನೂಲು, ನೇಯ್ಗೆ ನಡೀತದ. ನೂಲೋರು, ಹೊಲಿಯೋರು ಬಹುತೇಕ ಹೆಣ್ಣುಮಕ್ಕಳು, ಕೂಲಿ ನೂಲಿನ ಲಡಿ ಲೆಕ್ಕ, ಹೊಲಿದ ತುಂಡಿನ ಲೆಕ್ಕ. ಬೇಡಿಕೆ ಇಳಿದ್ರ ಮೊದಲು ಖಾಲಿ ಆಗೋದು ಅವರ ಕೈ. ಪಾಲಿಸ್ಟರಿಗೆ ಅವಕಾಶ ಕೊಟ್ಟ 2021ರ ತಿದ್ದುಪಡಿ ವಿರುದ್ಧ 2022ರಾಗ ಹುಬ್ಬಳ್ಳಿಯೊಳಗ ಪ್ರತಿಭಟನೆ ಆಗಿದ್ದು ಇದಕ್ಕೇ.

ವರದಾ_ದಂಡಿ ಅವರಿಗೆ: ಆಗಸ್ಟ್ ಮೊದಲನೇ ವಾರ ಗದ್ದಲ ಬಹಳ ಇರ್ತದ, ಬೇಕಾದ ಅಳತಿ ಸಿಗದೇ ಹೋಗಬಹುದು. ಜುಲೈ ಮೊದಲ ಹದಿನೈದು ದಿನದಾಗ ತಂದುಬಿಡ್ರಿ. ಪಟ್ಟಿ ಮ್ಯಾಲೆ ಐಎಸ್‌ಐ ಗುರ್ತು ಅದನೋ ನೋಡ್ರಿ.

ಹಗ್ಗ_ಗಡಗಡಿ:
ಬಾವುಟ ಚಲೋ ಇದ್ದೂ ಕಾರ್ಯಕ್ರಮ ಕೆಡೋದು ಹಗ್ಗ, ಗಡಗಡಿ, ಗಂಟು ಈ ಮೂರರಿಂದ. ಸ್ವಲ್ಪ ಉದ್ದ ಬರೀತೀನಿ.

ಗಡಗಡಿ: ಹಗ್ಗ ಗಾಲಿಯ ಕಾಲುವೆಯೊಳಗ ಸಡಿಲಾಗಿ ಕೂಡಬೇಕು. ದಪ್ಪ ಹಗ್ಗ ಮ್ಯಾಲೇ ನಿಂತು ಜಾರಿ ಗಾಲಿ ಮತ್ತ ತಗಡಿನ ನಡುವ ಸಿಗತದ. ತೀರ ಸಣ್ಣ ಹಗ್ಗಾನೂ ಅದೇ ಸಂದಿಯೊಳಗ ಇಳೀತದ. ಸಣ್ಣ ಗಡಗಡಿಗೆ 6 ಮಿಮೀ ಹಗ್ಗ ಸಾಕು. ಹತ್ತಿ ಹಗ್ಗ ತೋಯ್ದರ ಉಬ್ಬತದ, ಒಣಗಿದ್ದಾಗ ಸರಾಗ ಓಡಿದ್ದು ಮಳ್ಯಾಗ ಹಿಡಕೊಳ್ತದ. ಬರೇ ನೈಲಾನ್ ಹಗ್ಗದ ಮ್ಯಾಲೆ ಗಂಟು ನಿಲ್ಲಂಗಿಲ್ಲ. ಹೆಣೆದ ಪಾಲಿಸ್ಟರ್ ಹಗ್ಗ ಇವೆರಡರ ನಡುವಿನದು. ಬಾವುಟ ಖಾದಿದಿರಲಿ, ಹಗ್ಗ ಮಾತ್ರ ಅದನ್ನ ಹಾಕ್ರಿ. ಉದ್ದ ಕಂಬದ ಎರಡು ಪಟ್ಟು, ಮ್ಯಾಲೆ 5 ಫೂಟು: ನಿಮಗ 45 ಫೂಟು. ಎರಡು ತುದಿ ಕೂಡಿಸಿ ಕಟ್ಟಿದ್ರ ಒಂದು ತುದಿ ಕೈ ತಪ್ಪಿ ಮ್ಯಾಲೆ ಹೋಗೋ ಪ್ರಸಂಗ ಬರಂಗಿಲ್ಲ.

ಟಾಗಲ್: ಪಟ್ಟಿಯೊಳಗಿನ ಹಗ್ಗದ ಒಂದು ತುದಿಗೆ ಕಟ್ಟಿಗಿ ಗೂಟ ಇರ್ತದ. ಅದು ಕೇಸರಿ ಕಡೆ, ಅಂದ್ರ ಮ್ಯಾಲೆ. ಹಸಿರು ಕಡೆ ಉಳಿದ ಹಗ್ಗ ಕೆಳಗ. ಕಂಬದ ಹಗ್ಗದಾಗ ಒಂದು ಕುಣಿಕಿ ಮಾಡಿ ಗೂಟ ಅದರೊಳಗ ಅಡ್ಡ ತೂರಿಸಿದ್ರ ಮುಗೀತು. ಬಾವುಟ ತಲೆಕೆಳಗ ಆಗೋದು ಗೂಟ ಇಲ್ಲದ ಅಗ್ಗದ ಬಾವುಟಕ್ಕ. ಎರಡೂ ತುದಿ ಒಂದೇ ನಮೂನಿ ಇರ್ತಾವ, ಮಡಚಿ ಗಂಟು ಹಾಕಿದಮ್ಯಾಲೆ ಯಾವುದು ಮ್ಯಾಲೆ ಅಂತ ತಿಳಿಯಂಗಿಲ್ಲ. ಅಂಥದಕ್ಕ ಕೇಸರಿ ಕಡೆಯ ಹಗ್ಗದ ತುದಿಗೆ ಮೊದಲೇ ಒಂದು ಕೆಂಪು ದಾರ ಸುತ್ತಿ ಇಡ್ರಿ. ಬಾವುಟದ ಬಟ್ಟಿಗೆ ಏನೂ ಹಚ್ಚಬ್ಯಾಡ್ರಿ.

ಗಂಟು: ಮಡಚಿದ ಬಾವುಟಕ್ಕ ಜೀರುಗುಣಿಕೆ ಹಾಕಬೇಕು, ಎಳೆದ ಕೂಡಲೇ ಬಿಚ್ಚೋ ಹಂಗ. ಎರಡು ಸುತ್ತು, ಒಂದೇ ಕುಣಿಕಿ. ಬಿದ್ದೀತು ಅಂತ ಹೆದರಿ ಮೂರನೇ ಸುತ್ತು ಹಾಕ್ತಾರ, ಅದೇ ಬಿಚ್ಚಂಗಿಲ್ಲ. ರಾತ್ರಿನೇ ಕಟ್ಟಿ ಮ್ಯಾಲೆ ಇಟ್ಟರ ಮಳಿಗೆ ತೋಯ್ದು ಗಂಟು ಬಿಗೀತದ, ಮುಂಜಾನೆ ಎಷ್ಟು ಜಗ್ಗಿದ್ರೂ ಬರಂಗಿಲ್ಲ. ಜೋರಾಗಿ ಜಗ್ಗಿದ್ರ ಹರಿಯೋದು ಬಾವುಟ. ಹಿಂಗಾಗಿ ಮುಂಜಾನೆ ಅರ್ಧ ತಾಸು ಮೊದಲು ಕಟ್ರಿ. ಒಳಗ ಹೂವಿನ ಪಕಳಿ ಇಡಬಹುದು, ಕಾಯಿದೆ ಒಪ್ಪತದ. ಒಂದು ಮುಷ್ಟಿ ಸಾಕು. ತೋಯ್ದ ಪಕಳಿ, ಕುಂಕುಮ, ಅರಿಷಿಣ ಬ್ಯಾಡ, ಬಿಳಿ ಪಟ್ಟಿಗೆ ಕಲೆ ಹತ್ತಿದ್ರ ಹೋಗಂಗಿಲ್ಲ.

ಇನ್ನೊಂದು ವ್ಯತ್ಯಾಸ ಬಹಳ ಕಡೆ ಮರೀತಾರ. ಆಗಸ್ಟ್ 15ರದು ಧ್ವಜಾರೋಹಣ: ಬಾವುಟ ಕೆಳಗಿನಿಂದ ಮ್ಯಾಲಕ್ಕ ಏರಬೇಕು, ಯಾಕಂದ್ರ ಅವತ್ತು ಒಂದು ಬಾವುಟ ಇಳಿದು ನಮ್ಮದು ಏರಿತು. ಜನವರಿ 26ರದು ಅನಾವರಣ: ಬಾವುಟ ಮೊದಲೇ ತುದಿಯೊಳಗ ಇರ್ತದ, ಬಿಚ್ಚೋದು ಮಾತ್ರ. ಏರಿಸೋದು ಚುರುಕಾಗಿ, ಇಳಿಸೋದು ಸಾವಕಾಶ. ಇದು ಸಂಹಿತೆಯ ಮಾತು. ಇಳಿಸೋವಾಗ ಇಬ್ಬರು ಇರ್ರಿ, ಒಬ್ಬರು ಹಗ್ಗಕ್ಕ, ಒಬ್ಬರು ನೆಲಕ್ಕ ತಾಗದಂಗ ಹಿಡಿಯಾಕ.

ವರದಾ_ದಂಡಿ:
ಎಲ್ಲಾರಿಗೂ ಬಹಳ ಉಪಕಾರ ಆತ್ರಿ. ಖಾದಿದೇ, 1800×1200, ಅಂತ ಗೊತ್ತು ಮಾಡೀವಿ. ಕಾರ್ಯಕ್ರಮ ಆದಮ್ಯಾಲೆ ಹೆಂಗ ಇಡಬೇಕು? ಹಳೇದು ಒಂದು ಐತಿ, ಹಾರೋ ತುದಿ ನಾಲ್ಕು ಬೆರಳು ಹರಿದೈತಿ. ಕತ್ತರಿಸಿ ಹೊಲಿಸಿದ್ರ ನಡೀತೈತೇನು?

ಬೆಂಗೇರಿ_ಕಟ್ಟಿ:
ನಡೆಯಂಗಿಲ್ಲ. 1800ರಾಗ 75 ಮಿಮೀ ಕತ್ತರಿಸಿದ್ರ ಉದ್ದ 1725, ಅಗಲ 1200 ಹಂಗೇ ಉಳೀತದ. 3ಕ್ಕ 2 ತಪ್ಪಿತು. ಚಕ್ರಾನೂ ನಡುವಿನಿಂದ 37 ಮಿಮೀ ಜರುಗಿತು. ಅಂಚಿನ ಹೊಲಿಗಿ ಮಾತ್ರ ಬಿಚ್ಚಿದ್ದು, ಬಟ್ಟಿ ಗಟ್ಟಿ ಅದ ಅಂದ್ರ ಅದೇ ಗೆರಿ ಮ್ಯಾಲೆ ಮತ್ತ ಹೊಲಿಗಿ ಹಾಕಿಸಬಹುದು. ಬಟ್ಟಿನೇ ಹರಿದಿದ್ರ ಅದನ್ನ ಹಾರಿಸಬಾರದು.

ಅಂಥದನ್ನ ಪೂರ್ತಿಯಾಗಿ, ಮಂದಿ ಮುಂದ ಅಲ್ಲದೆ ಖಾಸಗಿಯಾಗಿ, ಗೌರವದಿಂದ ನಾಶ ಮಾಡಬೇಕು, ಸುಡೋದು ಉತ್ತಮ ಅಂತ ಸಂಹಿತೆ ಹೇಳ್ತದ. ಖಾದಿ ಸುಟ್ಟರ ಬೂದಿ ಆಗ್ತದ, ಗಿಡದ ಬುಡಕ್ಕ ಹಾಕಬಹುದು. ಪಾಲಿಸ್ಟರ್ ಉರಿಯೋವಾಗ ಕರಗಿ ಹನಿ ಹನಿ ಬೀಳ್ತದ, ಕೈಗೆ ಬಿದ್ರ ಚರ್ಮಕ್ಕ ಅಂಟಿಕೊಳ್ತದ, ಕರೀ ಹೊಗಿ ಬ್ಯಾರೆ. ಅದಕ್ಕ ಮಕ್ಕಳ ಕೈಯಾಗ ಆ ಕೆಲಸ ಕೊಡಬ್ಯಾಡ್ರಿ. 2021ರ ಮ್ಯಾಲೆ ಈ ಒಂದು ಕಷ್ಟ ಹೊಸದಾಗಿ ಬಂದದ, ಮಾತಾಡೋರು ಕಡಿಮಿ. ಮಕ್ಕಳ ಕಾಗದದ ಬಾವುಟನೂ ನೆಲಕ್ಕ ಚೆಲ್ಲಬಾರದು. 15ಕ್ಕ ಮಧ್ಯಾಹ್ನ ಸಿಹಿ ಹಂಚೋವಾಗಲೇ ಬಾಗಲಾಗ ಒಂದು ಬುಟ್ಟಿ ಇಟ್ಟು ವಾಪಸ್ ತಗೋರಿ.

ಕುಣಿಮಗ್ಗ_ಬೆಟಗೇರಿ:
ಇಡೋದರ ಬಗ್ಗೆ: ತೋಯ್ದದ್ದನ್ನ ಯಾವತ್ತೂ ಮಡಚಬ್ಯಾಡ್ರಿ. ಒಂದೇ ರಾತ್ರಿಯೊಳಗ ಹಸಿರು, ಕೇಸರಿ ಬಿಳಿ ಪಟ್ಟಿ ಮ್ಯಾಲೆ ಇಳೀತಾವ, ಎರಡು ದಿನಕ್ಕ ಬೂಷ್ಟು ಹಿಡೀತದ. ಕ್ಲಾಸ್ ರೂಮಿನೊಳಗ ಎರಡು ಬೆಂಚಿನ ನಡುವ ಸ್ವಚ್ಛ ಹಗ್ಗ ಕಟ್ಟಿ, ನೆರಳಿನಾಗ ಪೂರ್ತಿ ಒಣಗಿಸ್ರಿ. ಬಿಸಿಲಿಗೆ ಬ್ಯಾಡ. ಹಗ್ಗ ಹಾಯಿಸೋ ದಪ್ಪ ಪಟ್ಟಿ ಒಣಗೋದು ಎಲ್ಲಕ್ಕಿಂತ ತಡ, ಬೆರಳಿನಿಂದ ಒತ್ತಿ ನೋಡ್ರಿ. ಒಳಗಿನ ಹಗ್ಗ ಹಸಿ ಇದ್ರ ಬೂಷ್ಟು ಅಲ್ಲಿಂದಲೇ ಶುರು ಆಗ್ತದ.

ಮಡಚೋದು ಹಿಂಗ: ಬಾವುಟ ಅಡ್ಡ ಹಿಡಕೊಂಡು ಕೇಸರಿ ಪಟ್ಟಿ, ಹಸಿರು ಪಟ್ಟಿ ಎರಡೂ ಬಿಳಿ ಪಟ್ಟಿಯ ಹಿಂದಕ್ಕ ಮಡಚ್ರಿ. ಮ್ಯಾಲೆ ಬಿಳಿ ಮಾತ್ರ ಕಾಣ್ತದ. ಆಮ್ಯಾಲೆ ಎರಡು ಕಡೆಯಿಂದ ನಡುವಿಗೆ ಮಡಚಿಕೋತ ಬರ್ರಿ, ಕಡೀಕ ಚಕ್ರ ಮ್ಯಾಲೆ ಬರಬೇಕು, ಕೇಸರಿ ಹಸಿರಿನ ಅಂಚು ಸ್ವಲ್ಪ ಕಾಣಬೇಕು. ಅಂಗೈ ಮ್ಯಾಲೆ ಇಟ್ಟುಕೊಂಡು ಒಳಗ ಒಯ್ರಿ. ತೆಳ್ಳನ ಬಿಳಿ ಹತ್ತಿ ಬಟ್ಟಿಯೊಳಗ ಸುತ್ತಿ ಇಡ್ರಿ, ಪ್ಲಾಸ್ಟಿಕ್ ಚೀಲ ಬ್ಯಾಡ, ಒಳಗ ಬೆವರತದ. ಡಾಂಬರ ಗುಳಿಗಿ ಬಟ್ಟಿಗೆ ತಾಗದಂಗ ಮೂಲ್ಯಾಗ ಇರಲಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ಯಾರೆ ಕಡೆ ಮಡಚ್ರಿ, ಇಲ್ಲಾಂದ್ರ ಮಡಿಕಿ ಗೆರಿ ಮ್ಯಾಲೆ ನೂಲು ಸವೀತದ.

ಹಗ್ಗ_ಗಡಗಡಿ:
ಒಂದು ಉಳೀತು. 14ಕ್ಕ ಸಂಜಿಗೆ ಗಡಗಡಿಗೆ ಎರಡು ಹನಿ ಹೊಲಿಗಿ ಯಂತ್ರದ ಎಣ್ಣಿ ಹಾಕಿ, ಬಾವುಟದ ಬದಲು ಒಂದು ತೋಯ್ದ ಟವಲ್ ಕಟ್ಟಿ ಮೂರು ಸಲ ಏರಿಸಿ ಇಳಿಸ್ರಿ. ತೋಯ್ದದ್ದೇ ಕಟ್ರಿ, ಒಣದು ಓಡಿದ್ರ ಏನೂ ಗೊತ್ತಾಗಂಗಿಲ್ಲ. ಹೆಚ್ಚಿನ ಎಣ್ಣಿ ಒರೆಸಿಬಿಡ್ರಿ, ಮುಂಜಾನೆ ಅದು ಹಗ್ಗದ ಗುಂಟ ಇಳಿದು ಬಿಳಿ ಪಟ್ಟಿಗೆ ಹತ್ತತದ.

ವರದಾ_ದಂಡಿ:
ಆತ್ರಿ. ಏಣಿ ಸಿದ್ಧ ಐತಿ, ಎಣ್ಣಿ ನಾಳೆ ತರ್ತೀನಿ.